ಕೆನ್ನೆಗೆ ಹಿಡಿದ ಗ್ಲೌಸು

ಅಳುವ ಮಕ್ಕಳಿಗೆ ನಮ್ಮ ಪುತ್ತೂರಿನ ಆಸ್ಪತ್ರೆಯಲ್ಲಿ ಒಂದು ಮದ್ದಿದೆ. ಡಾಕ್ಟರು ಬರೆದುಕೊಡುವುದಲ್ಲ, ನರ್ಸುಗಳೇ ಕಂಡುಹಿಡಿದದ್ದು. ರಬ್ಬರಿನ ಗ್ಲೌಸೊಂದನ್ನು ಊದಿ ಉಬ್ಬಿಸಿ, ಬಾಯಿಗೆ ಗಂಟು ಹಾಕಿ, ಪೆನ್ನಿನಲ್ಲಿ ಎರಡು ಕಣ್ಣು ಬರೆದರೆ ಐದು ಬೆರಳು ನೆಟ್ಟಗೆ ನಿಂತು ಕೋಳಿಯ ಜುಟ್ಟಿನ ಹಾಗಾಗುತ್ತದೆ. ಎಂಥ ಹಠದ ಮಗುವೂ ಒಂದು ಗಳಿಗೆ ಅಳು ಮರೆತು ಅದನ್ನು ನೋಡುತ್ತದೆ. ಅಷ್ಟರಲ್ಲಿ ನಾವು ಸೂಜಿ ಚುಚ್ಚಿ ಮುಗಿಸಿರುತ್ತೇವೆ. ನಾನು ಅಲ್ಲಿ ನರ್ಸಿಂಗ್ ಕಲಿಯುವ ಹುಡುಗಿಯರನ್ನು ವಾರ್ಡಿನಲ್ಲಿ ನೋಡಿಕೊಳ್ಳುವವಳು. ಗ್ಲೌಸನ್ನು ಹೀಗೆ ಪೋಲು ಮಾಡಬೇಡಿ ಎಂದು ಅವರಿಗೆ ಹೇಳಬೇಕಾದವಳು ನಾನೇ. ಹೇಳುವುದಿಲ್ಲ, ಏಕೆಂದರೆ ಅನೇಕ ಕೋಳಿಗಳಿಗೆ ಕಣ್ಣು ಬರೆದವಳೂ ನಾನೇ.

ಹೋದ ವಾರ ಬೆಳಿಗ್ಗೆ ಹೆಂಗಸರ ವಾರ್ಡಿಗೆ ಹೋಗುವಾಗ ಹೊರಗಿನ ಬೆಂಚಿನಲ್ಲಿ ಒಂದು ಸಣ್ಣ ಹುಡುಗಿ ಇಂಥದೇ ಗ್ಲೌಸು ಹಿಡಿದು ಕೂತಿದ್ದಳು. ಅದಕ್ಕೆ ಕಣ್ಣು ಬರೆದಿರಲಿಲ್ಲ, ಗಂಟೂ ಹಾಕಿರಲಿಲ್ಲ. ಅವಳು ಗ್ಲೌಸಿನ ಬಾಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಉಬ್ಬಿದ ಭಾಗವನ್ನು ಕೆನ್ನೆಗೆ ತಾಗಿಸಿ, ಕಣ್ಣು ಮುಚ್ಚಿ ನಿಧಾನವಾಗಿ ತಿರುಗಿಸುತ್ತಿದ್ದಳು. ಒಂದೊಂದೇ ಬೆರಳು ಕೆನ್ನೆಯ ಮೇಲೆ ಹಾದು ಹೋಗುತ್ತಿತ್ತು. ಹತ್ತಿರ ಹೋದಾಗ ಗ್ಲೌಸಿನೊಳಗಿನ ಪೌಡರಿನ ವಾಸನೆ ಮೂಗಿಗೆ ಬಡಿಯಿತು. ನಾನು ಅಲ್ಲೇ ನಿಂತೆ. ಗ್ಲೌಸನ್ನು ಹಾಗೆ ಕೆನ್ನೆಗೆ ಹಿಡಿಯುವವರನ್ನು ನನ್ನ ಜನ್ಮದಲ್ಲಿ ನಾನು ಕಂಡದ್ದು ಒಬ್ಬರನ್ನೇ.

ನಿಮಗೆ ಅವರ ಕಥೆ ಹೇಳಬೇಕಾದರೆ ಮೊದಲು ಗ್ಲೌಸಿನ ಕಥೆ ಹೇಳಬೇಕು. ಈಗ ಒಮ್ಮೆ ಹಾಕಿ ತೆಗೆದರೆ ಕಸದ ಬುಟ್ಟಿಗೆ. ನಾವು ಕಲಿಯುವ ಕಾಲದಲ್ಲಿ ಹಾಗಿರಲಿಲ್ಲ. ಗ್ಲೌಸನ್ನು ಸೋಪಿನಲ್ಲಿ ತೊಳೆದು, ಆಸ್ಪತ್ರೆಯ ಹಿಂದಿನ ಹಗ್ಗದಲ್ಲಿ ಬೆರಳು ಕೆಳಗೆ ಮಾಡಿ ನೇತುಹಾಕಿ, ಒಣಗಿದ ಮೇಲೆ ಒಳಗೆ ಹೊರಗೆ ಪೌಡರು ಹಚ್ಚಿ, ಜೋಡಿ ಮಾಡಿ ಬಟ್ಟೆಯಲ್ಲಿ ಸುತ್ತಿ ಆವಿಗೆ ಇಡುತ್ತಿದ್ದೆವು. ಆವಿಗೆ ಇಡುವ ಮೊದಲು ತೂತು ಇದೆಯೇ ಎಂದು ನೋಡಬೇಕು. ಉಳಿದವರು ಉಬ್ಬಿಸಿದ ಗ್ಲೌಸನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೋ ಎಂದು ನೋಡುತ್ತಿದ್ದರು. ನಮಗೆ ಕಲಿಸುತ್ತಿದ್ದ ಜುಲೇಖಾ ಸಿಸ್ಟರಿಗೆ ಮಾತ್ರ ಗುಳ್ಳೆಯ ಮೇಲೆ ನಂಬಿಕೆಯಿಲ್ಲ. ಅವರು ಕೆನ್ನೆಗೆ ಹಿಡಿಯುತ್ತಿದ್ದರು. ಬೆರಳಿಗೆ ತಿಳಿಯದ ಗಾಳಿ ಕೆನ್ನೆಗೆ ತಿಳಿಯುತ್ತದೆ ಎನ್ನುತ್ತಿದ್ದರು.

ಸುಳ್ಯದ ಪೇಟೆಯ ತುದಿಯಲ್ಲಿದ್ದ, ನಾವು ಕಲಿತ ಆ ಸಣ್ಣ ಆಸ್ಪತ್ರೆ ಈಗ ಇಲ್ಲ. ಆ ಜಾಗದಲ್ಲಿ ಟೈಲ್ಸ್ ಅಂಗಡಿಯಾಗಿದೆ. ಒಮ್ಮೆ ಅಡುಗೆಮನೆಗೆ ಟೈಲ್ಸ್ ತರುವ ನೆಪದಲ್ಲಿ ಒಳಗೆ ಹೋಗಿದ್ದೆ. ನಮ್ಮ ವಾರ್ಡಿದ್ದ ಕಡೆ ಬಚ್ಚಲುಮನೆಯ ಟೈಲುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಅಂಗಡಿಯ ಹುಡುಗ ಯಾವ ಬಣ್ಣ ಬೇಕೆಂದು ಕೇಳುತ್ತಿದ್ದ, ನಾನು ಉತ್ತರದ ಗೋಡೆ ಯಾವುದೆಂದು ಹುಡುಕುತ್ತಿದ್ದೆ. ಕಡೆಗೆ ಏನೂ ಕೊಳ್ಳದೆ ಹೊರಗೆ ಬಂದೆ. ಉತ್ತರದ ಗೋಡೆಯ ವಿಚಾರ ಮುಂದೆ ಬರುತ್ತದೆ.

ನಾನು ಕೊಲ್ಲಮೊಗ್ರಿನಿಂದ ಅಲ್ಲಿಗೆ ಕಲಿಯಲು ಬಂದದ್ದು ಜನಸೇವೆಯ ದೊಡ್ಡ ಆಸೆಯಿಂದ ಎಂದು ಹೇಳಿದರೆ ಕೇಳಲು ಚೆಂದ. ನಿಜ ಹೇಳುತ್ತೇನೆ, ನಾನು ಬಂದದ್ದು ಟೊಪ್ಪಿಯ ಆಸೆಗೆ. ನರ್ಸುಗಳ ತಲೆಯ ಮೇಲಿನ ಆ ಬಿಳಿ ಟೊಪ್ಪಿಯನ್ನು ನಾನೂ ಒಮ್ಮೆ ಇಡಬೇಕೆಂದು ಶಾಲೆಗೆ ಹೋಗುವಾಗಲೇ ಮನಸ್ಸು ಮಾಡಿದ್ದೆ. ಟೊಪ್ಪಿ ಸಿಕ್ಕಿತು. ಅದು ಬಿಗಿಯಾಗಿ ನಿಲ್ಲಲು ಗಂಜಿ ಹಾಕಬೇಕು, ಗಂಜಿ ಹಾಕಿದರೆ ಹಾಸ್ಟೆಲಿನ ಇರುವೆಗಳು ಬರಬೇಕು. ಬೆಳಿಗ್ಗೆ ಗಡಿಬಿಡಿಯಲ್ಲಿ ಕೊಡವದೆ ತಲೆಗಿಟ್ಟು ವಾರ್ಡಿಗೆ ಓಡಿದರೆ, ಡಾಕ್ಟರು ರೋಗಿಯ ವಿಚಾರ ಹೇಳುವಾಗ ನಮ್ಮ ಹಣೆಯ ಮೇಲೆ ಇರುವೆ ಇಳಿಯುತ್ತಿತ್ತು. ತುರಿಸುವ ಹಾಗಿಲ್ಲ. ನನ್ನ ಶಿಸ್ತು ಎಂದು ಈಗ ಜನ ಹೊಗಳುವುದೆಲ್ಲ ಇರುವೆಗಳು ಕಲಿಸಿದ್ದು.

ಜುಲೇಖಾ ಸಿಸ್ಟರ್ ನಮ್ಮನ್ನು ನೋಡಿಕೊಳ್ಳುವ ಹಿರಿಯ ನರ್ಸ್. ಜಾಲ್ಸೂರಿನವರು, ಮನೆಮಾತು ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಮರ ಭಾಷೆ. ಅಣ್ಣಂದಿರೆಲ್ಲ ಗಲ್ಫಿನಲ್ಲಿ. ನರ್ಸ್ ಕೆಲಸಕ್ಕೆ ಹೋಗುತ್ತೇನೆಂದಾಗ ಮನೆಯಲ್ಲಿ ಯಾರೂ ಒಪ್ಪದೆ, ಕಡೆಗೆ ಅಜ್ಜಿಯೊಬ್ಬರ ಬೆಂಬಲದಿಂದ ಬಂದವರಂತೆ. ಕಾಸರಗೋಡು ಕಡೆಯ ಬಸ್ಸುಗಳೆಲ್ಲ ನಿಲ್ಲುವ ಆ ಜಂಕ್ಷನಿನಲ್ಲಿ ಬೆಳೆದದ್ದಕ್ಕೋ ಏನೋ, ತುಳು, ಮಲಯಾಳ, ಕನ್ನಡ ಎಲ್ಲ ಅವರಿಗೆ ಸಲೀಸು. ನನ್ನ ಮನೆಮಾತಾದ ಅರೆಭಾಷೆಯನ್ನೂ ಎರಡೇ ತಿಂಗಳಲ್ಲಿ ನನ್ನಿಂದಲೇ ಕಲಿತು, ನನಗಿಂತ ಚೆನ್ನಾಗಿ ರೋಗಿಗಳೊಡನೆ ಮಾತಾಡಿದರು. ಸಣ್ಣ ಆಳು, ಬಿಳಿ ಸೀರೆ, ತಲೆಯ ಮೇಲೆ ಬಿಳಿ ಸ್ಕಾರ್ಫು. ಅವರ ಸ್ಕಾರ್ಫಿಗೆ ಇರುವೆ ಬರುತ್ತಿರಲಿಲ್ಲ.

ಅವರು ನಿಲ್ಲುವ ರೀತಿಯೇ ಬೇರೆ. ನಮ್ಮಲ್ಲಿ ಒಬ್ಬಳು ಮೊದಲ ಸಲ ಇಂಜೆಕ್ಷನ್ ಕೊಡುವಾಗ, ಅಥವಾ ಗ್ಲೂಕೋಸಿಗೆ ನರ ಹುಡುಕುವಾಗ, ಅವರು ಮಂಚದ ಆಚೆ ಬದಿಗೆ ಹೋಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದರು. ನಮ್ಮ ಕೈಯಿಂದ ಸೂಜಿ ಕಸಿದುಕೊಳ್ಳುವುದಿಲ್ಲ ಎಂಬುದಕ್ಕೆ ಅದು ಗುರುತು. ಕಣ್ಣು ಮಾತ್ರ ನಮ್ಮ ಮೇಲೆ ಇರುತ್ತಿರಲಿಲ್ಲ, ರೋಗಿಯ ಮುಖದ ಮೇಲಿರುತ್ತಿತ್ತು. ನಾನೊಮ್ಮೆ ಧೈರ್ಯ ಮಾಡಿ ಕೇಳಿದ್ದೆ, ನಮ್ಮ ಕೈ ನೋಡದಿದ್ದರೆ ತಪ್ಪು ಹೇಗೆ ಗೊತ್ತಾಗುತ್ತದೆ ಎಂದು.

"ಕೈ ನೋಡಿದ್ರೆ ನಿಮ್ಮ ಕೈ ನಡುಗ್ತದೆ ಮಾರಾಯ್ತಿ" ಎಂದರು. "ನೀವು ಎಂತ ಮಾಡುದು ಅಂತ ಅವರ ಮುಖದಲ್ಲಿ ಕಾಣ್ತದೆ. ನನಗೆ ಅಷ್ಟು ಸಾಕು."

ನಮಗೆ ಅಷ್ಟು ಸಾಕಾಗುತ್ತಿರಲಿಲ್ಲ. ಮನುಷ್ಯರಲ್ಲವೇ? ಅಷ್ಟು ಕಷ್ಟಪಟ್ಟು ನರ ಹಿಡಿದು, ಸೂಜಿಯಲ್ಲಿ ರಕ್ತ ಕಂಡು, ಟೇಪು ಅಂಟಿಸಿ ತಲೆಯೆತ್ತಿದರೆ ಸಿಸ್ಟರ್ ಆಗಲೂ ರೋಗಿಯನ್ನೇ ನೋಡುತ್ತಿದ್ದರು. ಒಮ್ಮೆ ನನ್ನ ಕಡೆ ನೋಡಲಿ ಎಂಬ ಆಸೆ ನಮ್ಮೆಲ್ಲರಿಗೂ ಇತ್ತು.

ಅವರ ಇನ್ನೊಂದು ಪದ್ಧತಿ, ಕೇಳಿ ಮುಟ್ಟುವುದು. ರೋಗಿಯ ಬಳಿ ಹೋದರೆ ಮೊದಲು ಹೇಳಬೇಕು, ನಾನು ಕಲಿಯುವವಳು, ನಾನು ಮಾಡಬಹುದಾ ಎಂದು. ರೋಗಿಯ ಭಾಷೆಯಲ್ಲೇ ಹೇಳಬೇಕು. ಅದಕ್ಕಾಗಿ ಆ ಒಂದು ಮಾತನ್ನು ನಾವು ತುಳು, ಬ್ಯಾರಿ, ಮಲಯಾಳ, ಅರೆಭಾಷೆ ಎಲ್ಲದರಲ್ಲೂ ಬಾಯಿಪಾಠ ಮಾಡಿದ್ದೆವು. "ಯಾನ್ ಕಲ್ಪುನಾಳ್, ಮಲ್ಪೊಲಿಯಾ?" ಎಂದು ಹಾಸ್ಟೆಲಿನ ಕೋಣೆಯಲ್ಲಿ ಕಿಟಕಿಯ ಸರಳುಗಳನ್ನು ಕೇಳುತ್ತಿದ್ದೆವು. ಬೇಡ ಎಂದು ರೋಗಿ ಹೇಳಿದರೆ ಆಯಿತು ಎಂದು ಹಿಂದೆ ಸರಿಯಬೇಕು, ಮುಖ ಬಾಡಬಾರದು. ಮುಖ ಬಾಡಿದರೆ ಪಾಪವೆಂದು ಅವರು ಒಪ್ಪಿಬಿಡುತ್ತಾರೆ, ಅದು ಕೇಳಿದ ಹಾಗಾಗುವುದಿಲ್ಲ. ಆದರೆ ನಮ್ಮೂರ ಕಡೆಯ ಜನ ನಿಮಗೆ ಗೊತ್ತಲ್ಲ, ಯಾರೂ ಬೇಡ ಎನ್ನುತ್ತಿರಲಿಲ್ಲ. ಕಲಿಯಲಿ ಪಾಪ ಎಂದು ಕೈ ಚಾಚುತ್ತಿದ್ದರು. ನಮಗೆ ಅದು ಸಂತೋಷ, ಸಿಸ್ಟರಿಗೆ ಅದೇ ಚಿಂತೆ. ಬೇಡ ಹೇಳಬಹುದು ಅಂತ ಇವರಿಗೆ ಯಾರೂ ಹೇಳಿಕೊಟ್ಟೇ ಇಲ್ಲ, ಇವರ ಹೂಂ ಅನ್ನು ಎಷ್ಟು ನಂಬುವುದು ಎನ್ನುತ್ತಿದ್ದರು. ನಿಮ್ಮಲ್ಲಿ ಯಾರಿಗಾದರೂ ಒಬ್ಬರು ಬೇಡ ಅಂದರೆ ನಾನು ಚಾ ಕೊಡಿಸುತ್ತೇನೆ ಎಂದೂ ಹೇಳಿದ್ದರು. ಆ ಚಾ ಯಾರಿಗೂ ಸಿಗಲಿಲ್ಲ.

ಬೈಗುಳವೂ ಇತ್ತು. ರೋಗಿಯ ಎದುರು ಒಂದು ಮಾತೂ ಇಲ್ಲ. ಮಧ್ಯಾಹ್ನ ಹಿಂದಿನ ಹಗ್ಗದ ಬಳಿ ಕರೆಸುತ್ತಿದ್ದರು. ಅವರು ಗ್ಲೌಸು ಊದಿ ಕೆನ್ನೆಗೆ ಹಿಡಿದು, ಎಲ್ಲೋ ನೋಡುತ್ತಾ ಬೈಯುತ್ತಿದ್ದರು. ನಾವು ಎದುರು ಕೂತು ಪೌಡರು ಹಚ್ಚುತ್ತಾ ಕೇಳುವುದು. ರಟ್ಟೆಗೆ ಕಟ್ಟಿದ ರಬ್ಬರು ಬಿಚ್ಚಲು ತಡವಾಯಿತು, ಹೊದಿಕೆ ಸರಿಮಾಡದೆ ಹೊರಟೆ, ಕೈ ತಣ್ಣಗಿತ್ತು. ಈ ಕಡೆಯದು ಅವರಿಗೆ ದೊಡ್ಡ ಅಪರಾಧ. ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳದೆ ರೋಗಿಯನ್ನು ಮುಟ್ಟಬಾರದು. ಕಾರಣ ಹೇಳುವ ಹಾಗಿಲ್ಲ. "ಹೌದು ಸಿಸ್ಟರ್" ಎಂದರೆ ಮುಗಿಯಿತು, ಮರುದಿನ ಆ ವಿಚಾರವೇ ಇಲ್ಲ. ಬೈಸಿಕೊಂಡು ಎದ್ದಾಗ ಕೈಯೆಲ್ಲ ಬಿಳಿ, ಮೂಗಿನಲ್ಲಿ ಪೌಡರಿನ ವಾಸನೆ. ಮನಸ್ಸು ಹಗುರ. ಆ ಹಗುರವನ್ನು ನಾನು ಆಮೇಲೆ ಬಹಳ ಕಡೆ ಹುಡುಕಿದ್ದೇನೆ.

ನರ ಹಿಡಿಯುವ ಕೆಲಸಕ್ಕೆ ಸರದಿ ಇತ್ತು. ನರ ಹಿಡಿದು ತಲೆಯೆತ್ತಿದ್ದೆಂದು ಮೇಲೆ ಹೇಳಿದ್ದೆಲ್ಲ ನನ್ನ ಗೆಳತಿಯರ ಅನುಭವ, ನನಗೆ ಇಂಜೆಕ್ಷನ್ನಿನವರೆಗೆ ಮಾತ್ರ ಸಿಸ್ಟರ್ ನಿಂತಿದ್ದರು. ಒಬ್ಬಳಿಗೆ ಸರಿಯಾಗಿ ಬಂದ ಮೇಲೆಯೇ ಇನ್ನೊಬ್ಬಳಿಗೆ. ಪುಷ್ಪಾಳದ್ದು ಆಗಿತ್ತು, ಮುಂದಿನದು ನನ್ನದು. ಪುಷ್ಪಾ ಮರ್ಕಂಜದವಳು, ನನ್ನ ಪಕ್ಕದ ಮಂಚದವಳು. ಅವಳನ್ನು ಕಲಿಯಲು ಕಳಿಸುವುದು ಮನೆಯಲ್ಲಿ ತಂದೆಯೊಬ್ಬರನ್ನು ಬಿಟ್ಟು ಯಾರಿಗೂ ಇಷ್ಟವಿರಲಿಲ್ಲ. ಅರ್ಧದಲ್ಲಿ ವಾಪಸು ಹೋದರೆ ಆಗಲೇ ನೋಡಿಟ್ಟ ಗಂಡಿನ ಜೊತೆ ಮದುವೆ. ಅವಳು ಅದನ್ನು ನೆನೆಸಿಕೊಂಡೇ ಓದುತ್ತಿದ್ದಳು.

ಈಗ ಉತ್ತರದ ಗೋಡೆ. ನಮ್ಮ ಹೆಂಗಸರ ವಾರ್ಡಿನ ಮೂಲೆಯಲ್ಲಿ ಎರಡು ಮಂಚಗಳು ಒಂದಕ್ಕೊಂದು ಅಡ್ಡವಾಗಿದ್ದವು. ಒಂದರಲ್ಲಿ ಮಲಗಿದರೆ ತಲೆ ಉತ್ತರಕ್ಕೆ, ಇನ್ನೊಂದರಲ್ಲಿ ಮಲಗಿದರೆ ಕಾಲು ಪಶ್ಚಿಮಕ್ಕೆ. ಉತ್ತರಕ್ಕೆ ತಲೆಯಾಗುವ ಮಂಚ ಕಡಬದ ಕಡೆಯ ಸೀತಮ್ಮನಿಗೆ ಸಿಕ್ಕಿತ್ತು. ಸಕ್ಕರೆ ಕಾಯಿಲೆಯವರು. ಪಶ್ಚಿಮಕ್ಕೆ ಕಾಲಾಗುವ ಮಂಚ ಐಸಮ್ಮನಿಗೆ, ಅವರು ಜ್ವರಕ್ಕೆಂದು ಬಂದವರು. ಸೀತಮ್ಮ ಉತ್ತರಕ್ಕೆ ತಲೆ ಹಾಕಿ ಮಲಗುವವರಲ್ಲ, ಐಸಮ್ಮ ಮಕ್ಕಾ ಇರುವ ಪಶ್ಚಿಮಕ್ಕೆ ಕಾಲು ಚಾಚುವವರಲ್ಲ. ಇಬ್ಬರಿಗೂ ನಿದ್ದೆಯಿಲ್ಲ. ಬೆಳಗಾಗುವ ಮೊದಲು ಎದ್ದು ಕೂತು ಕಷ್ಟಸುಖ ಮಾತಾಡಿ, ಹಾಗಾದರೆ ನೀವು ಇಲ್ಲಿ ಬನ್ನಿ, ನಾನು ಅಲ್ಲಿ ಹೋಗುತ್ತೇನೆ ಎಂದು ತಾವೇ ಮಂಚ ಬದಲಾಯಿಸಿಕೊಂಡರು. ನರ್ಸುಗಳಿಗೆ ಯಾಕೆ ಸುಮ್ಮನೆ ತೊಂದರೆ ಎಂದು ಯಾರಿಗೂ ಹೇಳಲಿಲ್ಲ. ಇಬ್ಬರೂ ಚಳಿಗೆ ತಲೆಯವರೆಗೆ ಹೊದ್ದು ಮಲಗಿದರು.

ಆ ಬೆಳಿಗ್ಗೆ ಹೆರಿಗೆ ವಾರ್ಡಿನ ನರ್ಸ್ ಬಂದಿರಲಿಲ್ಲ. ಆಫೀಸಿನಿಂದ ಸಿಸ್ಟರಿಗೆ ಕರೆ ಬಂತು, ಅಲ್ಲಿಗೆ ಹೋಗಬೇಕು, ಇಲ್ಲಿ ಕಲಿಯುವ ಹುಡುಗಿಯರು ಇದ್ದಾರಲ್ಲ ಎಂದು. ಇದು ಹಳೆಯ ಜಗಳ. ಇವರು ಕಲಿಯಲಿಕ್ಕೆ ಬಂದವರು, ಆಳುಗಳ ಲೆಕ್ಕಕ್ಕೆ ಹಿಡಿಯಬೇಡಿ ಎಂದು ಸಿಸ್ಟರ್ ಎಷ್ಟೋ ಸಲ ಹೇಳಿದ್ದರು. ಆ ದಿನವೂ ಹೇಳಿದರು. ಆದರೆ ಅಲ್ಲಿ ಒಬ್ಬಳಿಗೆ ನೋವು ಸುರುವಾಗಿತ್ತು. ನಾನು ಬರುವವರೆಗೆ ಯಾರೂ ಸೂಜಿ ಮುಟ್ಟಬೇಡಿ ಎಂದು ಹೇಳಿ ಓಡಿದರು.

ಹೆರಿಗೆ ನಾವು ಎಣಿಸಿದಷ್ಟು ಬೇಗ ಆಗಲಿಲ್ಲ. ತಿಂಡಿಯ ಗಾಡಿ ಬಂತು. ಸಕ್ಕರೆ ಕಾಯಿಲೆಯವರಿಗೆ ತಿಂಡಿಗೆ ಮೊದಲು ಇನ್ಸುಲಿನ್ ಕೊಡಬೇಕು, ಕೊಡದೆ ತಿನ್ನಿಸುವ ಹಾಗಿಲ್ಲ. ಸೀತಮ್ಮ ಹಸಿದು ಕೂರುತ್ತಾರಲ್ಲ ಎಂದು ಪುಷ್ಪಾಳಿಗೆ ಮರುಕ. ನಾನು ವಾರ್ಡಿನ ಇನ್ನೊಂದು ತುದಿಯಲ್ಲಿ ಒಬ್ಬರಿಗೆ ತಲೆ ಬಾಚುತ್ತಿದ್ದೆ. ಪುಷ್ಪಾ ಸೀತಮ್ಮನ ಮಂಚಕ್ಕೆ ಹೋಗಿ, ಕೈ ಉಜ್ಜಿಕೊಂಡು, ತುಳುವಿನಲ್ಲಿ ನಾನು ಕಲಿಯುವವಳು, ಕೊಡಬಹುದಾ ಎಂದು ಕೇಳಿದಳು. ಹೊದಿಕೆಯೊಳಗಿನಿಂದ "ಆವು ಮಗಾ" ಎಂದು ಶುದ್ಧ ತುಳುವಿನಲ್ಲೇ ಒಪ್ಪಿಗೆ ಬಂತು, ಒಂದು ತೋಳೂ ಬಂತು. ನಮ್ಮ ಕಡೆ ತುಳು ಬಾರದ ಬ್ಯಾರಿ ಅಜ್ಜಿ ಎಲ್ಲಿದ್ದಾರೆ ಹೇಳಿ? ಸಿಸ್ಟರ್ ಕಲಿಸಿದ ಎಲ್ಲವನ್ನೂ ಪುಷ್ಪಾ ಸರಿಯಾಗಿ ಮಾಡಿದಳು. ಇನ್ಸುಲಿನ್ ಐಸಮ್ಮನಿಗೆ ಹೋಯಿತು.

ಸ್ವಲ್ಪ ಹೊತ್ತಿನ ಮೇಲೆ ಸಿಸ್ಟರ್ ಬಂದು, ಅಭ್ಯಾಸದಂತೆ ಮುಖಗಳನ್ನು ನೋಡುತ್ತಾ ನಡೆದವರು ಐಸಮ್ಮನ ಬಳಿ ನಿಂತರು. ಅವರ ಮುಖದಲ್ಲಿ ನೀರಿಳಿಯುವ ಹಾಗೆ ಬೆವರು, ಮಾತು ತೊದಲು. ಸಿಸ್ಟರ್ ಪುಷ್ಪಾಳ ಕೈಯಲ್ಲಿದ್ದ ಟ್ರೇಯನ್ನೂ ಮಂಚವನ್ನೂ ಒಮ್ಮೆ ನೋಡಿದರು. ಸಕ್ಕರೆ ನೀರು, ಗ್ಲೂಕೋಸು, ಡಾಕ್ಟರು ಎಲ್ಲ ಬೇಗ ಬೇಗ ಆಯಿತು. ಮಧ್ಯಾಹ್ನದ ಹೊತ್ತಿಗೆ ಐಸಮ್ಮ ಎದ್ದು ಕೂತು ಗಂಜಿ ಕೇಳಿದರು. ಪುಷ್ಪಾ ಗೋಡೆಗೆ ಒರಗಿ ನಿಂತಿದ್ದಳು, ನಾನು ಅವಳ ಕೈ ಹಿಡಿದುಕೊಂಡಿದ್ದೆ.

ಡಾಕ್ಟರು ಹೋದ ಮೇಲೆ ಸಿಸ್ಟರ್ ಪುಷ್ಪಾಳನ್ನು ಕರೆದು, ಬಾ, ಆದದ್ದನ್ನು ಅವರಿಗೆ ಹೇಳುವ ಎಂದರು. ನಾನು ಕಾಲು ಹಿಡಿದು ಕ್ಷಮೆ ಕೇಳುತ್ತೇನೆ ಎಂದು ಪುಷ್ಪಾ ಅತ್ತಳು. ಆಗ ಸಿಸ್ಟರ್ ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಕ್ಷಮೆ ಕೇಳ್ಬೇಡ. ನೀನು ಅತ್ರೆ ಅವರು ನಿನ್ನನ್ನು ಸಮಾಧಾನ ಮಾಡ್ಬೇಕಾಗ್ತದೆ, ಜ್ವರದಲ್ಲಿ ಅದೊಂದು ಕೆಲಸ ಅವರಿಗೆ. ಆದದ್ದು ಹೇಳು. ಮತ್ತೆ ಅವರ ಹತ್ರ ಕೂತ್ಕೊ."

ಪುಷ್ಪಾ ಹೇಳಿದಳು, ಸಿಸ್ಟರ್ ಪಕ್ಕದಲ್ಲಿ ನಿಂತು ತಮ್ಮ ಪಾಲಿನದನ್ನು ಹೇಳಿದರು. ಐಸಮ್ಮನಿಗೆ ಗಾಬರಿಯಾದದ್ದು ತಮ್ಮ ಬಗ್ಗೆ ಅಲ್ಲ. ಮಂಚ ಬದಲಾಯಿಸಿದ್ದು ನಾವಲ್ಲವಾ, ಹುಡುಗಿಯನ್ನು ಬೈಯಬೇಡಿ ಎಂದರು. ಅಲ್ಲ, ಮೊದಲು ಎದ್ದದ್ದು ನಾನು ಎಂದರು ಸೀತಮ್ಮ. ಇಬ್ಬರೂ ತಪ್ಪಿಗಾಗಿ ಸ್ವಲ್ಪ ಹೊತ್ತು ಎಳೆದಾಡಿದರು. "ಮಂಚ ನಿಮ್ಮದು, ಸೂಜಿ ನಮ್ಮದು" ಎಂದು ಸಿಸ್ಟರ್ ಮುಗಿಸಿದರು. ಪುಷ್ಪಾ ಸಂಜೆಯವರೆಗೆ ಐಸಮ್ಮನ ಬಳಿ ಕೂತಿದ್ದಳು.

ಮರುದಿನ ಆಫೀಸಿನಲ್ಲಿ ವಿಚಾರಣೆ. ಕಂಡವಳೆಂದು ನನ್ನನ್ನೂ ಕರೆದಿದ್ದರು. ಆಡಳಿತ ನೋಡುತ್ತಿದ್ದ ಯಜಮಾನರು ಕೆಟ್ಟವರಲ್ಲ, ಹಬ್ಬಕ್ಕೆ ನಮಗೆಲ್ಲ ಸಿಹಿ ಕಳಿಸುವವರು. ಅವರಿಗೆ ವಿಷಯ ಸುಲಭವಾಗಿ ಕಂಡಿತ್ತು. ಸಿಸ್ಟರ್ ಬೇಡವೆಂದು ಹೇಳಿಹೋಗಿದ್ದರು, ಹುಡುಗಿ ಮಾತು ಮೀರಿದಳು, ಅವಳನ್ನು ಮನೆಗೆ ಕಳಿಸಿದರೆ ಆಯಿತು. ಸಿಸ್ಟರ್ ಹೂಂ ಎಂದರೆ ಅವರ ಮೇಲೆ ಏನೂ ಬರುತ್ತಿರಲಿಲ್ಲ. ಪುಷ್ಪಾ ತಲೆ ತಗ್ಗಿಸಿ ನಿಂತಿದ್ದಳು. ಮದುವೆ ಅವಳ ಕಣ್ಣೆದುರಿಗೇ ಬಂದಿತ್ತು.

ಸಿಸ್ಟರ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ನಾನು ಹೇಳಿ ಹೋದದ್ದು ಹೌದು. ಆದ್ರೆ ನಿಂತಿರ್ಲಿಲ್ಲ. ಕಲಿಯುವವರ ಹತ್ರ ನಿಲ್ಲುದೇ ನನ್ನ ಕೆಲಸ" ಎಂದರು. ಯಜಮಾನರು ಏನೋ ಹೇಳಹೊರಟರು. ಸಿಸ್ಟರ್ ಮುಂದುವರಿಸಿದರು, "ಮತ್ತೊಂದು ಉಂಟು. ಮಾಡಬಹುದಾ ಅಂತ ಕೇಳ್ಲಿಕ್ಕೆ ಕಲಿಸಿದೆ, ಹೆಸರು ಎಂತ ಅಂತ ಕೇಳ್ಲಿಕ್ಕೆ ಕಲಿಸ್ಲಿಲ್ಲ. ನಾನು ಕಲಿಸಿದ ಮಾತಿನಲ್ಲೇ ತೂತು ಇತ್ತು. ಈ ಹುಡುಗಿ ಕಲಿಸಿದಷ್ಟನ್ನು ಸರಿ ಮಾಡಿದ್ದಾಳೆ."

ಪುಷ್ಪಾ ಉಳಿದಳು. ಸಿಸ್ಟರನ್ನು ನಮ್ಮಿಂದ ತೆಗೆದು ಬಟ್ಟೆಬರೆಯ ಸ್ಟೋರಿಗೆ ಹಾಕಿದರು. ಇನ್ನು ಮುಂದೆ ಕಲಿಯುವವರ ಜವಾಬ್ದಾರಿ ಅವರಿಗಿಲ್ಲ ಎಂದಾಯಿತು. ಅವರು ಬೆಡ್‌ಶೀಟುಗಳನ್ನು ಮಡಚುತ್ತಾ ಕೆಲವು ತಿಂಗಳಿದ್ದು, ಆಮೇಲೆ ಅಣ್ಣ ಕರೆದನೆಂದು ಗಲ್ಫಿಗೆ ಹೋದರು. ಹೋಗುವ ದಿನ ನಾವು ಪರೀಕ್ಷೆಯಲ್ಲಿದ್ದೆವು. ಹಗ್ಗದ ಬಳಿ ಬೈಯಲು ಯಾರೂ ಇರಲಿಲ್ಲ.

ನನ್ನ ಸರದಿ ಬೇರೆಯವರ ಕೈಯಲ್ಲಿ ಬಂತು. ಹೊಸದಾಗಿ ಬಂದವರು ನನ್ನ ಪಕ್ಕದಲ್ಲೇ ಬಗ್ಗಿ ನಿಂತು ಕೈಯನ್ನೇ ನೋಡಿದರು. ನಡುಗುತ್ತಾ ಉಂಟಲ್ಲ ಎಂದು ರೋಗಿಯ ಎದುರೇ ಹೇಳಿ, ಸೂಜಿ ತೆಗೆದುಕೊಂಡು ತಾವೇ ಹಾಕಿದರು. ಆಮೇಲೆ ನಾನು ಕಲಿತೆ ಬಿಡಿ. ಈಗ ಪುತ್ತೂರಿನಲ್ಲಿ ಯಾರ ನರ ಸಿಗದಿದ್ದರೂ ನನ್ನನ್ನೇ ಕರೆಯುತ್ತಾರೆ. ಆದರೂ ಆ ಸರದಿ ಬಾಕಿ ಉಳಿಯಿತು. ಮಂಚದ ಆಚೆ ಬದಿಗೆ ಕೈ ಕಟ್ಟಿ ನಿಂತ ಜುಲೇಖಾ ಸಿಸ್ಟರ್, ಈಚೆ ಬದಿಗೆ ನಾನು, ನಡುವೆ ಒಂದು ತೋಳು. ಕೂದಲು ಬಿಳಿಯಾದ ಮೇಲೂ ಮನುಷ್ಯರಿಗೆ ಇಂಥ ಆಸೆ ಇರುತ್ತದೆಂದು ಯಾರಿಗಾದರೂ ಹೇಳಿದರೆ ನಗುತ್ತಾರೆ.

ಸಿಸ್ಟರ್ ಜಾಲ್ಸೂರಿಗೆ ವಾಪಸು ಬಂದಿದ್ದಾರೆ ಎಂದು ಪುಷ್ಪಾಳೇ ಫೋನಿನಲ್ಲಿ ಹೇಳಿದ್ದು. ಅವಳೀಗ ಕಡಬದ ಕಡೆ ನರ್ಸಾಗಿದ್ದಾಳೆ. ಅವಳು ಹೋಗಿ ನೋಡಿ ಬಂದಳು. ನಾನು ಒಮ್ಮೆ ಹೊರಟು ಜಾಲ್ಸೂರಿನಲ್ಲಿ ಬಸ್ಸಿಳಿದೆ, ಹೋಟೆಲಿನಲ್ಲಿ ಚಾ ಕುಡಿದೆ, ಎದುರಿನಿಂದ ಬಂದ ಪುತ್ತೂರಿನ ಬಸ್ಸು ಹತ್ತಿ ವಾಪಸು ಬಂದೆ. ಹೋಗಿ ಏನೆನ್ನಲಿ? ನನ್ನದೊಂದು ಸರದಿ ಬಾಕಿಯಿದೆ ಎನ್ನಲೇ?

ಇಷ್ಟೆಲ್ಲ ನೆನಪಾಗಿ ನಾನು ಆ ಬೆಂಚಿನೆದುರು ನಿಂತಿದ್ದೆ. ಗ್ಲೌಸನ್ನು ಹೀಗೆ ಹಿಡಿಯಲು ಯಾರು ಕಲಿಸಿದರು ಎಂದು ಹುಡುಗಿಯನ್ನು ಕೇಳಿದೆ. ಅವಳು ವಾರ್ಡಿನ ಒಳಗೆ ಬೆರಳು ತೋರಿಸಿ, ಅಜ್ಜಿ ಎಂದಳು.

ಕಿಟಕಿಯ ಬಳಿಯ ಮಂಚದಲ್ಲಿ ಅವರಿದ್ದರು. ಇನ್ನಷ್ಟು ಸಣ್ಣ ಆಳಾಗಿದ್ದರು. ಜ್ವರ ಬಂದು ನಿತ್ರಾಣವಾಗಿ, ಹಿಂದಿನ ದಿನ ಸಂಜೆ ಅಣ್ಣನ ಮಗ, ಬೆಂಚಿನ ಹುಡುಗಿಯ ತಂದೆ, ತಂದು ಸೇರಿಸಿದ್ದನಂತೆ. ನಾನು ಹೆಸರು ಹೇಳಿದೆ, ಊರು ಹೇಳಿದೆ, ಬ್ಯಾಚು ಹೇಳಿದೆ. ಅವರು ತುಂಬ ಹೊತ್ತು ನೋಡಿ ಇಲ್ಲವೆಂದು ತಲೆಯಾಡಿಸಿದರು.

"ಗುರ್ತ ಸಿಗುದಿಲ್ಲ. ಬೇಜಾರು ಮಾಡ್ಬೇಡಿ. ನಿಮ್ಮ ಯಾರ ಮುಖವನ್ನೂ ನಾನು ಸರಿ ನೋಡಿದವಳೇ ಅಲ್ಲ" ಎಂದರು. ಐಸಮ್ಮನ ಮುಖ ಮಾತ್ರ ನೆನಪಿತ್ತು. ಗಂಜಿ ಕೇಳಿದ್ದು ಕೂಡ.

ನನಗೆ ದುಃಖವಾಯಿತು, ಸುಳ್ಳು ಹೇಳುವುದಿಲ್ಲ. ಇಷ್ಟು ವರ್ಷ ನಾನು ಕಾಪಾಡಿಕೊಂಡು ಬಂದ ಆಸೆಗೆ ಆ ಕಡೆಯಲ್ಲಿ ವಿಳಾಸವೇ ಇರಲಿಲ್ಲ. ಅಷ್ಟರಲ್ಲಿ ನನ್ನ ವಿದ್ಯಾರ್ಥಿನಿ ಶ್ರಾವ್ಯ ಟ್ರೇ ಹಿಡಿದು ಬಂದಳು. ಸಿಸ್ಟರ ಕೈಯಲ್ಲಿದ್ದ ಗ್ಲೂಕೋಸಿನ ಹಳೆಯ ಸೂಜಿಯ ಜಾಗ ಊದಿತ್ತು, ಇನ್ನೊಂದು ಕೈಗೆ ಹಾಕಬೇಕಿತ್ತು. ನಾನು ಮಂಚದ ಆಚೆ ಬದಿಗೆ ಹೋಗಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತೆ. ಎಷ್ಟೋ ವರ್ಷದಿಂದ ನಾನು ನಿಲ್ಲುವುದೇ ಹಾಗೆ. ಸಿಸ್ಟರ್ ನನ್ನ ತೋಳುಗಳನ್ನು ಒಮ್ಮೆ ನೋಡಿದರು.

ಅಜ್ಜಿ, ನಿಮ್ಮ ಹೆಸರು ಹೇಳುತ್ತೀರಾ ಎಂದು ಶ್ರಾವ್ಯ ಮೊದಲು ಕೇಳಿದಳು. ಸಿಸ್ಟರ್ ಹೆಸರು ಹೇಳಿದರು. ಆಮೇಲೆ, ನಾನು ಕಲಿಯುವವಳು, ನಾನು ಹಾಕಬಹುದಾ ಎಂದಳು. ಸಿಸ್ಟರ ಕಣ್ಣು ಶ್ರಾವ್ಯಳಿಂದ ನನ್ನ ಕಡೆ ತಿರುಗಿತು.

"ಹೆಸರು ಮೊದಲು ಕೇಳಿದ್ದು ಒಳ್ಳೆದಾಯ್ತು" ಎಂದರು. ಮತ್ತೆ ಅವಳಿಗೆ, "ಆದ್ರೆ ಬೇಡ ಮಗಳೇ. ಬೇಡ ಹೇಳಿ, ಬೇಡ ಹೇಳಿ ಅಂತ ಎಲ್ಲರಿಗೂ ಹೇಳಿದ್ದೇ ಬಂತು, ಒಬ್ಬರೂ ಹೇಳ್ಲಿಲ್ಲ. ನಾನಾದ್ರೂ ಹೇಳ್ತೇನೆ. ನಿಮ್ಮ ಮೇಡಂ ಹಾಕ್ಲಿ."

ಶ್ರಾವ್ಯ ಆಯಿತು ಅಜ್ಜಿ ಎಂದಳು. ಅವಳ ಮುಖ ಬಾಡಲಿಲ್ಲ. ಬೇಡ ಅನ್ನಿಸಿಕೊಂಡದ್ದಕ್ಕೆ ಸಿಸ್ಟರ್ ಹೇಳಿದ್ದ ಆ ಚಾ ಅವಳಿಗೆ ನಾನು ಕೊಡಿಸಲೇಬೇಕು. ನಾವಿಬ್ಬರೂ ಜಾಗ ಬದಲಾಯಿಸಿದೆವು. ಅವಳು ಆಚೆ ಬದಿಗೆ ಹೋಗಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ನಾನು ಸಿಸ್ಟರ ತೋಳಿಗೆ ರಬ್ಬರು ಕಟ್ಟಿ, ಬೆರಳಿನಿಂದ ನರ ಹುಡುಕಿದೆ. ಹಣ್ಣಾದ ಚರ್ಮ, ಜಾರುವ ನರ. ನನ್ನ ಕೈ ನಡುಗಲಿಲ್ಲ. ಸೂಜಿಯಲ್ಲಿ ರಕ್ತ ಕಂಡಿತು, ರಬ್ಬರು ಬಿಚ್ಚಿದೆ, ಟೇಪು ಅಂಟಿಸಿದೆ. ಹಳೆಯ ಅಭ್ಯಾಸದ ಆಸೆಯಿಂದ ತಲೆಯೆತ್ತಿದೆ. ಶ್ರಾವ್ಯ ರೋಗಿಯ ಮುಖ ನೋಡುತ್ತಿದ್ದಳು. ರೋಗಿ ನನ್ನ ಮುಖ ನೋಡುತ್ತಿದ್ದರು.

ಶ್ರಾವ್ಯ ಟ್ರೇ ತೆಗೆದುಕೊಂಡು ಹೊರಗೆ ಹೋಗುವವರೆಗೆ ಸಿಸ್ಟರ್ ಕಾದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳನ್ನು ಕರೆದು ಗ್ಲೌಸು ಇಸಿದುಕೊಂಡರು. ಅದರಲ್ಲಿ ಅರ್ಧ ಗಾಳಿ ಹೋಗಿತ್ತು. ಬಾಯನ್ನು ಮುಷ್ಟಿಯಲ್ಲಿ ಹಿಡಿದು ಕೆನ್ನೆಗೆ ತಾಗಿಸಿ, ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು.

"ನಿನ್ನ ಕೈ ತಣ್ಣಗಿತ್ತು. ಉಜ್ಜಿಕೊಂಡು ಮುಟ್ಟುದು ಅಂತ ಎಷ್ಟು ಸಲ ಹೇಳಿದ್ದೇನೆ."

"ಹೌದು ಸಿಸ್ಟರ್" ಎಂದೆ.